ಹಾರ್ಮೋನು ಗರ್ಭನಿರೋಧಕಗಳು ಮತ್ತು ಯುವತಿಯರ ಸ್ನಾಯುಬಲ

ಹಾರ್ಮೋನು ಗರ್ಭನಿರೋಧಕಗಳು ಸ್ತ್ರೀಯರ ದೇಹದಲ್ಲಿರುವ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿರೋನ್ ಹಾರ್ಮೋನುಗಳನ್ನು ಹೋಲುವ ಕೃತಕ ಸಂಯುಕ್ತಗಳಿಂದ ಗರ್ಭಧಾರಣೆಯನ್ನು ತಡೆಯುವ ಔಷಧಿಗಳಾಗಿವೆ. ನುಂಗುವ ಗುಳಿಗೆ, ಚುಚ್ಚುಮದ್ದು, ತೋಳಿನ ಚರ್ಮದಡಿ ಇಡುವ ಕಡ್ಡಿ ಮತ್ತು ಹಾರ್ಮೋನುಯುಕ್ತ ವಂಕಿ ಇವುಗಳ ಮುಖ್ಯ ರೂಪಗಳು. ಇವು ಸ್ನಾಯುಗಳ ಬೆಳವಣಿಗೆ ಮತ್ತು ಬಲದ ಮೇಲೆ ಬೀರುವ ಪರಿಣಾಮವು ಕ್ರೀಡಾ ವೈದ್ಯಶಾಸ್ತ್ರದಲ್ಲಿ ಅಧ್ಯಯನಕ್ಕೆ ಒಳಗಾಗಿದೆ. ಲಭ್ಯವಿರುವ ಅಧ್ಯಯನಗಳ ಪ್ರಕಾರ ಈ ಪರಿಣಾಮವು ಸರಾಸರಿಯಲ್ಲಿ ಅತ್ಯಲ್ಪ.

== ಹಿನ್ನೆಲೆ ==
ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿತ್ತು. ಭಾರತದ ರಾಷ್ಟ್ರೀಯ ಕುಟುಂಬ ಯೋಜನಾ ಕಾರ್ಯಕ್ರಮವು 1952ರಲ್ಲಿ ಆರಂಭವಾಯಿತು. ಗರ್ಭನಿರೋಧಕ ಗುಳಿಗೆಗೆ ಅಮೆರಿಕದಲ್ಲಿ 1960ರಲ್ಲಿ ಅನುಮತಿ ದೊರೆಯಿತು.

ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಸಂಯುಕ್ತ ಗುಳಿಗೆಯ ಹೆಸರು 'ಮಾಲಾ-ಎನ್'. ಇದರ ಒಂದು ಪಟ್ಟಿಯಲ್ಲಿ 21 ಹಾರ್ಮೋನು ಗುಳಿಗೆಗಳೂ 7 ಕಬ್ಬಿಣಾಂಶದ ಗುಳಿಗೆಗಳೂ ಇರುತ್ತವೆ. ಪ್ರತಿ ಹಾರ್ಮೋನು ಗುಳಿಗೆಯಲ್ಲಿ 0.15 ಮಿ.ಗ್ರಾಂ ಲಿವೊನಾರ್ಜೆಸ್ಟ್ರೆಲ್ ಮತ್ತು 0.03 ಮಿ.ಗ್ರಾಂ ಎಥಿನೈಲ್ ಎಸ್ಟ್ರಾಡಿಯೋಲ್ ಇರುತ್ತದೆ. ಮೂರು ತಿಂಗಳಿಗೊಮ್ಮೆ ನೀಡುವ 'ಅಂತರಾ' ಚುಚ್ಚುಮದ್ದನ್ನು 2017ರಲ್ಲಿ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಲಾಯಿತು. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿದ 'ಛಾಯಾ' ಗುಳಿಗೆ, ತಾಮ್ರದ ವಂಕಿ (ಕಾಪರ್-ಟಿ) ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆ ಹಾರ್ಮೋನುರಹಿತ ವಿಧಾನಗಳಾಗಿವೆ. ಶಸ್ತ್ರಚಿಕಿತ್ಸೆಯಲ್ಲಿ ಅಂಡನಾಳವನ್ನು ಮಾತ್ರ ಮುಚ್ಚಲಾಗುತ್ತದೆ. ಅಂಡಾಶಯವು ಹಾಗೆಯೇ ಉಳಿಯುವುದರಿಂದ ಹಾರ್ಮೋನುಗಳ ಉತ್ಪತ್ತಿ ಮುಂದುವರಿಯುತ್ತದೆ.

== ಕಾರ್ಯವಿಧಾನ ==
ಸ್ನಾಯುವಿನ ಬೆಳವಣಿಗೆಗೆ ವ್ಯಾಯಾಮ ಅಥವಾ ದುಡಿಮೆಯ ಒತ್ತಡ, ಆಹಾರದ ಪ್ರೋಟೀನು ಮತ್ತು ಹಾರ್ಮೋನುಗಳು ಕಾರಣವಾಗುತ್ತವೆ. ಸ್ತ್ರೀಯರ ದೇಹದಲ್ಲಿಯೂ ಅಲ್ಪ ಪ್ರಮಾಣದ ಟೆಸ್ಟೋಸ್ಟಿರೋನ್ ಇರುತ್ತದೆ. ಸಂಯುಕ್ತ ಗುಳಿಗೆಯು ಇದನ್ನು ಎರಡು ರೀತಿಯಲ್ಲಿ ತಗ್ಗಿಸುತ್ತದೆ. ಮೊದಲನೆಯದಾಗಿ, ಅಂಡಾಶಯದಲ್ಲಿ ಅದರ ಉತ್ಪತ್ತಿ ಕಡಿಮೆಯಾಗುತ್ತದೆ. ಎರಡನೆಯದಾಗಿ, ಯಕೃತ್ತಿನಲ್ಲಿ ಟೆಸ್ಟೋಸ್ಟಿರೋನನ್ನು ಬಂಧಿಸುವ ಪ್ರೋಟೀನಿನ ಉತ್ಪತ್ತಿ ಹೆಚ್ಚುತ್ತದೆ. ಇದರಿಂದ ರಕ್ತದಲ್ಲಿ ಮುಕ್ತವಾಗಿರುವ ಟೆಸ್ಟೋಸ್ಟಿರೋನ್ ಅರ್ಧಕ್ಕಿಂತಲೂ ಹೆಚ್ಚು ಇಳಿಯುತ್ತದೆ ಎಂದು 2014ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆ ತೋರಿಸಿದೆ. ಗುಳಿಗೆಯು ಸ್ನಾಯುಗಳನ್ನು ದುರ್ಬಲಗೊಳಿಸಬಹುದೆಂಬ ಊಹೆಗೆ ಇದೇ ಆಧಾರ.

== ಸಂಶೋಧನೆಗಳು ==
ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಮಂಡಿಸಿದ ಅಧ್ಯಯನದಲ್ಲಿ 18ರಿಂದ 31 ವರ್ಷದ 73 ಯುವತಿಯರು ಹತ್ತು ವಾರ ಭಾರ ಎತ್ತುವ ತರಬೇತಿ ಪಡೆದರು. ಗುಳಿಗೆ ಸೇವಿಸದವರಲ್ಲಿ ಕೊಬ್ಬುರಹಿತ ದೇಹತೂಕವು ಶೇ. 3.5ರಷ್ಟು ಹೆಚ್ಚಿದರೆ, ಸೇವಿಸುತ್ತಿದ್ದವರಲ್ಲಿ ಶೇ. 2.1ರಷ್ಟು ಹೆಚ್ಚಿತು. ಆದರೆ ಬಲದ ಹೆಚ್ಚಳದಲ್ಲಿ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ.

ನಂತರದ ಅಧ್ಯಯನಗಳು ಈ ಫಲಿತಾಂಶವನ್ನು ಏಕರೀತಿಯಲ್ಲಿ ಸಮರ್ಥಿಸಿಲ್ಲ. ಡೆನ್ಮಾರ್ಕಿನಲ್ಲಿ 2019ರಲ್ಲಿ ಪ್ರಕಟವಾದ ಹತ್ತು ವಾರಗಳ ಅಧ್ಯಯನದಲ್ಲಿ ಗುಳಿಗೆ ಸೇವಿಸುವವರ ಸ್ನಾಯು ಬೆಳವಣಿಗೆ ಕುಂಠಿತವಾಗಲಿಲ್ಲ. 2020ರಲ್ಲಿ 42 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯು ಗುಳಿಗೆ ಸೇವಿಸುವವರ ದೈಹಿಕ ಸಾಮರ್ಥ್ಯ ಸರಾಸರಿಯಲ್ಲಿ ತುಸು ಕಡಿಮೆ ಇರಬಹುದೆಂದೂ, ಆ ವ್ಯತ್ಯಾಸ ನಗಣ್ಯವೆಂದೂ ತಿಳಿಸಿತು. ತರಬೇತಿಯಿಂದ ಸ್ನಾಯುವಿನ ಗಾತ್ರ ಮತ್ತು ಬಲದಲ್ಲಿ ಆಗುವ ಹೆಚ್ಚಳವನ್ನು ಹಾರ್ಮೋನು ಗರ್ಭನಿರೋಧಕಗಳು ಗಮನಾರ್ಹವಾಗಿ ಬದಲಿಸುವುದಿಲ್ಲವೆಂದು 2024ರ ಮತ್ತೊಂದು ವಿಶ್ಲೇಷಣೆ ತೀರ್ಮಾನಿಸಿತು. ಈ ಅಧ್ಯಯನಗಳಲ್ಲಿ ಭಾಗವಹಿಸಿದವರ ಸಂಖ್ಯೆ ಚಿಕ್ಕದು. ಗುಳಿಗೆಗಳ ಸಂಯೋಜನೆಯೂ ಭಿನ್ನವಾಗಿತ್ತು.

== ಚುಚ್ಚುಮದ್ದಿನ ಪರಿಣಾಮ ==
'ಅಂತರಾ' ಚುಚ್ಚುಮದ್ದಿನಲ್ಲಿ ಪ್ರೊಜೆಸ್ಟಿನ್ ಮಾತ್ರ ಇರುತ್ತದೆ. ಇದನ್ನು ಪಡೆಯುವ ಕೆಲವರಲ್ಲಿ ದೇಹತೂಕ ಹೆಚ್ಚಾಗುತ್ತದೆ. ಹೀಗೆ ಹೆಚ್ಚಿದ ತೂಕದ ಬಹುಭಾಗ ಕೊಬ್ಬೇ ಹೊರತು ಸ್ನಾಯುವಲ್ಲ. ಚುಚ್ಚುಮದ್ದಿನ ಅವಧಿಯಲ್ಲಿ ಮೂಳೆಯ ಸಾಂದ್ರತೆ ಸ್ವಲ್ಪ ಇಳಿಯುತ್ತದೆ. ನಿಲ್ಲಿಸಿದ ನಂತರ ಅದು ಬಹುಮಟ್ಟಿಗೆ ಮರಳುತ್ತದೆ.

== ರಾಯಚೂರು ಭಾಗದ ಸಂದರ್ಭದಲ್ಲಿ ==
ಕರ್ನಾಟಕದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಪ್ರಧಾನ ವಿಧಾನವಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಇದನ್ನು ಅನುಸರಿಸಿದ್ದಾರೆ. ಗುಳಿಗೆ ಬಳಸುವವರು ತೀರಾ ಕಡಿಮೆ. ಮೊದಲ ಹೆರಿಗೆಯನ್ನು ಮುಂದೂಡಲು ಅಥವಾ ಎರಡು ಹೆರಿಗೆಗಳ ನಡುವೆ ಅಂತರವಿಡಲು ಬಯಸುವ ಯುವತಿಯರಿಗೆ ತಾತ್ಕಾಲಿಕ ವಿಧಾನಗಳೇ ಸೂಕ್ತವಾದವು.

ರಾಯಚೂರು ಜಿಲ್ಲೆಯ ಮಾನ್ವಿ ಮತ್ತು ದೇವದುರ್ಗ ಭಾಗದಲ್ಲಿ, ಕುರ್ಡಿಯಂತಹ ಗ್ರಾಮಗಳಲ್ಲಿ, ಭತ್ತದ ನಾಟಿ, ಕಳೆ ತೆಗೆಯುವುದು ಮತ್ತು ಹತ್ತಿ ಬಿಡಿಸುವುದು ಮಹಿಳೆಯರು ಮಾಡುವ ಪ್ರಮುಖ ಕೆಲಸಗಳು. ಮೈಬಲವೇ ಕೂಲಿಗೆ ಆಧಾರವಾಗಿರುವಲ್ಲಿ ಗುಳಿಗೆಯಿಂದ ಶಕ್ತಿ ಕುಂದುತ್ತದೆಯೇ ಎಂಬ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಇಂತಹ ದುಡಿಮೆಯಲ್ಲಿ ಉಂಟಾಗುವ ನಿಶ್ಶಕ್ತಿಗೆ ರಕ್ತಹೀನತೆ ಒಂದು ಸಾಮಾನ್ಯ ಕಾರಣ. ಅದೇ ಸಮೀಕ್ಷೆಯಲ್ಲಿ ರಾಜ್ಯದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿರುವುದು ಕಂಡುಬಂದಿದೆ. ಸಂಯುಕ್ತ ಗುಳಿಗೆಯು ಮುಟ್ಟಿನ ರಕ್ತಸ್ರಾವವನ್ನು ತಗ್ಗಿಸುವುದರಿಂದ ಈ ವಿಷಯದಲ್ಲಿ ಅನುಕೂಲವನ್ನೇ ಉಂಟುಮಾಡಬಲ್ಲದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನವೊಂದಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನು ಅಗತ್ಯ. 50 ಕಿಲೋ ತೂಕದ ಯುವತಿಗೆ ಇದು ಸುಮಾರು 42 ಗ್ರಾಂ. ಜೋಳದ ರೊಟ್ಟಿಯ ಜೊತೆ ತೊಗರಿಬೇಳೆ, ಹೆಸರುಕಾಳು, ಶೇಂಗಾ, ಮೊಸರು ಮತ್ತು ಮೊಟ್ಟೆ ಇದನ್ನು ಪೂರೈಸಬಲ್ಲವು.

== ಎಚ್ಚರಿಕೆಗಳು ==
ಸಂಯುಕ್ತ ಗುಳಿಗೆಯ ಅಪರೂಪದ, ಆದರೆ ಗಂಭೀರವಾದ ಅಪಾಯವೆಂದರೆ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು. ಒಂದೇ ಕಾಲಿನ ಮೀನಖಂಡದಲ್ಲಿ ನೋವು ಹಾಗೂ ಬಾವು ಇದರ ಲಕ್ಷಣವಾಗಿರಬಹುದು. ಇದನ್ನು ದುಡಿಮೆಯ ಸ್ನಾಯುನೋವೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ. ಇಂತಹ ನೋವು, ಎದೆನೋವು ಅಥವಾ ಹಠಾತ್ ಉಸಿರಾಟದ ತೊಂದರೆ ಕಂಡುಬಂದಲ್ಲಿ ತಕ್ಷಣ ವೈದ್ಯಕೀಯ ತಪಾಸಣೆ ಅಗತ್ಯ.

ಅಧಿಕ ರಕ್ತದೊತ್ತಡ ಅಥವಾ ಕಣ್ಣು ಮಂಜಾಗುವಂತಹ ಮುನ್ಸೂಚನೆಯಿರುವ ಮೈಗ್ರೇನ್ ಉಳ್ಳವರಿಗೆ ಮತ್ತು ಎದೆಹಾಲುಣಿಸುತ್ತಿರುವ ಹೊಸ ಬಾಣಂತಿಯರಿಗೆ ಈ ಗುಳಿಗೆ ಸೂಕ್ತವಲ್ಲ. ಕ್ಷಯರೋಗದ ಔಷಧಿಯಾದ ರಿಫಾಂಪಿಸಿನ್ ಗುಳಿಗೆಯ ಪರಿಣಾಮವನ್ನು ಕುಗ್ಗಿಸುತ್ತದೆ. ಆದ್ದರಿಂದ ಗುಳಿಗೆ ಆರಂಭಿಸುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡವನ್ನು ಪರೀಕ್ಷಿಸಿಕೊಂಡು, ಸೇವಿಸುತ್ತಿರುವ ಇತರ ಔಷಧಿಗಳ ಮಾಹಿತಿಯನ್ನು ವೈದ್ಯರಿಗೆ ತಿಳಿಸುವುದು ಅವಶ್ಯಕ.