ಮೀನೆಣ್ಣೆ ಕ್ಯಾಪ್ಸೂಲಿನ ಹಿಂದಿನ ಗ್ರೀನ್‌ಲ್ಯಾಂಡ್ ಕಥೆ

ಇವತ್ತಿನ ಇತಿಹಾಸದ ಕಥೆ ಶುರುವಾಗೋದು ನಮ್ಮನೆ ಊಟದ ಟೇಬಲ್ ಮೇಲಿದ್ದ ಒಂದು ಡಬ್ಬಿಯಿಂದ.

ನಮ್ಮಪ್ಪನಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದರು. ಅವತ್ತಿನಿಂದ ದಿನಾ ರಾತ್ರಿ ಒಂದು ಕೊಲೆಸ್ಟ್ರಾಲ್ ಮಾತ್ರೆ. ಹೋದ ವರ್ಷ ಅವರ ಹುಟ್ಟುಹಬ್ಬಕ್ಕೆ ನಾನೇ ಆನ್‌ಲೈನ್‌ನಲ್ಲಿ ಒಮೆಗಾ-3 ಮೀನೆಣ್ಣೆ ಕ್ಯಾಪ್ಸೂಲ್ ತರಿಸಿಕೊಟ್ಟೆ. ಡಬ್ಬಿ ಮೇಲೆ ಕೆಂಪು ಹೃದಯದ ಚಿತ್ರ. ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ, 66 ಇದ್ದ ಎಲ್‌ಡಿಎಲ್ 131ಕ್ಕೆ ಹೋಗಿದೆ! ಡಾಕ್ಟರು ಕೇಳಿದ್ದಕ್ಕೆ ಅಪ್ಪ ಮೆಲ್ಲಗೆ ಹೇಳಿದರು: "ಮಗ ಮೀನೆಣ್ಣೆ ತಂದ್ಕೊಟ್ಟಿದ್ದ ಸಾರ್. ಅದು ನ್ಯಾಚುರಲ್ ಅಲ್ವಾ, ಅದಕ್ಕೇ ಆ ಮಾತ್ರೆ ಬಿಟ್ಟುಬಿಟ್ಟೆ."

ಆ ಡಬ್ಬಿ ಮೇಲೆ ಹೃದಯದ ಚಿತ್ರ ಬಂದಿದ್ದಾದರೂ ಹೇಗೆ ಅಂತ ನಾನು ಹುಡುಕೋಕೆ ಶುರು ಮಾಡಿದ್ದು ಅವತ್ತು ರಾತ್ರಿ. ಬನ್ನಿ, ಗ್ರೀನ್‌ಲ್ಯಾಂಡ್‌ಗೆ ಹೋಗೋಣ.

ಇಸವಿ 1970. ಡೆನ್ಮಾರ್ಕಿನ ಆಲ್‌ಬೋರ್ಗ್ ಊರಿನ ಆಸ್ಪತ್ರೆಯ ಇಬ್ಬರು ವೈದ್ಯರು, ಹಾನ್ಸ್ ಓಲಾಫ್ ಬಾಂಗ್ ಮತ್ತು ಯೋರ್ನ್ ಡ್ಯೂರ್ಬೆರ್ಗ್, ಗ್ರೀನ್‌ಲ್ಯಾಂಡಿನ ಪಶ್ಚಿಮ ಕರಾವಳಿಯ ಊಮನಾಕ್ ಪ್ರದೇಶಕ್ಕೆ ಹೋದರು. ಅಲ್ಲಿನ ಇನುಯಿಟ್ ಜನರ ಊಟ ಅಂದ್ರೆ ಸೀಲ್, ತಿಮಿಂಗಿಲ, ಮೀನು. ಕೊಬ್ಬೋ ಕೊಬ್ಬು. ಆದರೂ ಅವರಲ್ಲಿ ಹೃದಯಾಘಾತ ತೀರಾ ಕಡಿಮೆ ಅಂತ ಸರ್ಕಾರಿ ದಾಖಲೆ ಹೇಳ್ತಿತ್ತು. ಇದು ಹೇಗೆ ಸಾಧ್ಯ ಅನ್ನೋದೇ ಆ ಇಬ್ಬರ ಪ್ರಶ್ನೆ.

130 ಜನರ ರಕ್ತದ ಮಾದರಿ ತೆಗೆದುಕೊಂಡು ವಾಪಸ್ ಬಂದರು. 1971ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು: ಡೆನ್ಮಾರ್ಕಿನವರಿಗೆ ಹೋಲಿಸಿದರೆ ಇನುಯಿಟ್ ಜನರ ರಕ್ತದಲ್ಲಿ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎರಡೂ ಕಡಿಮೆ. ಮುಂದೆ ಇನ್ನಷ್ಟು ಪರೀಕ್ಷೆ ಮಾಡಿದಾಗ ಅವರ ರಕ್ತದಲ್ಲಿ ಇಪಿಎ ಅನ್ನೋ ಕೊಬ್ಬಿನಾಮ್ಲ ಹೇರಳವಾಗಿ ಸಿಕ್ಕಿತು. ಇದೇ ಒಮೆಗಾ-3 ಕುಟುಂಬದ್ದು. 1978ರಲ್ಲಿ ಇವರ ಜೊತೆ ಜಾನ್ ವೇನ್ ಕೂಡ ಸೇರಿ ಇನ್ನೊಂದು ಲೇಖನ ಬರೆದರು. ಮುಂದೆ 1982ರಲ್ಲಿ ನೊಬೆಲ್ ಪಡೆದ ವಿಜ್ಞಾನಿ ಇವರು. ಇಪಿಎ ಜಾಸ್ತಿ ಇದ್ದರೆ ರಕ್ತದ ಪ್ಲೇಟ್‌ಲೆಟ್‌ಗಳು ಅಷ್ಟು ಬೇಗ ಒಂದಕ್ಕೊಂದು ಅಂಟಿಕೊಳ್ಳಲ್ಲ, ಹಾಗಾಗಿ ರಕ್ತ ಹೆಪ್ಪುಗಟ್ಟೋದು ನಿಧಾನ ಆಗುತ್ತೆ ಅನ್ನೋದು ಅವರ ವಾದ.

ಇಲ್ಲಿವರೆಗೂ ಸೊಗಸಾಗಿದೆ ಅಲ್ವಾ? ಆದರೆ ಬಿ.ಕಾಂ ಓದಿದ ನನ್ನ ತಲೆಗೆ ಒಂದು ವಿಷಯ ಚುಚ್ಚಿತು. ಇವರು ಅಳೆದಿದ್ದು ರಕ್ತವನ್ನ. ಹೃದಯ ಕಾಯಿಲೆ ಎಷ್ಟು ಜನಕ್ಕಿದೆ ಅಂತ ಇವರು ಅಲ್ಲಿ ಲೆಕ್ಕ ಹಾಕಲೇ ಇಲ್ಲ. ಅದಕ್ಕೆ ನಂಬಿದ್ದು ಆರೋಗ್ಯ ಇಲಾಖೆಯ ವರದಿಗಳನ್ನ. ಗ್ರೀನ್‌ಲ್ಯಾಂಡಿನ ಹಳ್ಳಿಗಳು ಒಂದಕ್ಕೊಂದು ಎಷ್ಟೋ ದೂರ, ಎಷ್ಟೋ ಕಡೆ ಡಾಕ್ಟರೇ ಇಲ್ಲ. ಯಾರಾದರೂ ಎದೆ ಹಿಡ್ಕೊಂಡು ಸತ್ತರೆ, ನೋಡೋಕೆ ವೈದ್ಯರಿಲ್ಲದೆಯೇ ಮರಣ ದಾಖಲೆ ತಯಾರಾಗಿರಬಹುದು. ವೋಚರ್ ನೋಡದೆ ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕಿದ ಹಾಗೆ. 2014ರಲ್ಲಿ ಕೆನಡಾದ ಜಾರ್ಜ್ ಫೋಡರ್ ಮತ್ತು ಸಂಗಡಿಗರು ಹಳೇ ದಾಖಲೆಗಳನ್ನೆಲ್ಲ ಮತ್ತೆ ತೆಗೆದು ನೋಡಿದರು. ಇನುಯಿಟ್ ಜನರಲ್ಲೂ ಹೃದಯ ಕಾಯಿಲೆ ಬೇರೆಯವರಷ್ಟೇ ಇದೆ, ಪಾರ್ಶ್ವವಾಯುವಿನ ಸಾವು ಇನ್ನೂ ಜಾಸ್ತಿ ಅಂತ ಅವರು ಬರೆದರು. ಮರುವರ್ಷ ಇನ್ನೊಂದು ಸಂಶೋಧನೆ ಬಂತು: ಅಷ್ಟು ಕೊಬ್ಬಿನ ಊಟಕ್ಕೆ ಆ ಜನರ ವಂಶವಾಹಿಗಳೇ ತಲೆತಲಾಂತರದಿಂದ ಹೊಂದಿಕೊಂಡಿವೆ. ಅಂದ್ರೆ ಅವರ ಮೈಗೆ ಒಗ್ಗಿದ್ದು ನಮ್ಮ ಮೈಗೂ ಹಾಗೇ ಒಗ್ಗಬೇಕು ಅಂತೇನಿಲ್ಲ.

ಹಾಗಾದ್ರೆ ಮೀನೆಣ್ಣೆ ಬರೀ ಬುರುಡೆನಾ? ಅಷ್ಟು ಸುಲಭ ಇಲ್ಲ. 1989ರಲ್ಲಿ ವೇಲ್ಸ್‌ನಲ್ಲಿ ಮೈಕೆಲ್ ಬರ್ ತಂಡ ಹೃದಯಾಘಾತದಿಂದ ಚೇತರಿಸಿಕೊಂಡ 2,033 ಗಂಡಸರ ಮೇಲೆ ಪ್ರಯೋಗ ಮಾಡಿತು. ವಾರಕ್ಕೆ ಎರಡು ಸಲ ಎಣ್ಣೆಯಂಶದ ಮೀನು ತಿನ್ನಿ ಅಂತ ಹೇಳಿಸಿಕೊಂಡವರಲ್ಲಿ ಎರಡು ವರ್ಷದ ಸಾವು 29% ಕಡಿಮೆ! 1999ರಲ್ಲಿ ಇಟಲಿಯ ಗಿಸ್ಸಿ ಪ್ರಯೋಗ. 11,324 ಹೃದ್ರೋಗಿಗಳು. ದಿನಕ್ಕೆ 1 ಗ್ರಾಂ ಒಮೆಗಾ-3 ತೆಗೆದುಕೊಂಡವರಲ್ಲಿ ಸಾವು ಕಡಿಮೆಯಾಯಿತು. ಅದೇ ಪ್ರಯೋಗದಲ್ಲಿ ವಿಟಮಿನ್ ಇ ಮಾತ್ರೆಯಿಂದ ಅಂಥ ಲಾಭ ಕಾಣಲಿಲ್ಲ. ಕ್ಯಾಪ್ಸೂಲ್ ವ್ಯಾಪಾರಕ್ಕೆ ಇದಕ್ಕಿಂತ ಬೇಕಾ?

ಆದರೆ 2003ರಲ್ಲೇ ಒಂದು ಎಚ್ಚರಿಕೆ ಬಂದಿತ್ತು. ಅದೇ ಬರ್ ತಂಡ ಎದೆನೋವಿನ 3,114 ರೋಗಿಗಳ ಮೇಲೆ ಮತ್ತೆ ಪ್ರಯೋಗ ಮಾಡಿದಾಗ ಲಾಭ ಕಾಣಲೇ ಇಲ್ಲ. ಕ್ಯಾಪ್ಸೂಲ್ ತಗೊಂಡವರಲ್ಲಿ ಹಠಾತ್ ಸಾವು ಜಾಸ್ತಿಯೇ ಕಂಡಿತು. ಆಮೇಲೆ 2018. ಬ್ರಿಟನ್ನಿನ ಅಸೆಂಡ್ ಪ್ರಯೋಗದಲ್ಲಿ 15,480 ಸಕ್ಕರೆ ಕಾಯಿಲೆಯವರನ್ನು ಏಳು ವರ್ಷಕ್ಕೂ ಮೇಲ್ಪಟ್ಟು ಗಮನಿಸಿದರು. ಹೃದಯ, ರಕ್ತನಾಳದ ಗಂಭೀರ ತೊಂದರೆ ಆಗಿದ್ದು ಮೀನೆಣ್ಣೆ ತಗೊಂಡವರಲ್ಲಿ 8.9%, ಆಲಿವ್ ಎಣ್ಣೆ ಕ್ಯಾಪ್ಸೂಲ್ ತಗೊಂಡವರಲ್ಲಿ 9.2%. ಅಂದ್ರೆ ಹೆಚ್ಚು ಕಡಿಮೆ ಒಂದೇ. ಅದೇ ವರ್ಷ ಅಮೆರಿಕದ ವೈಟಲ್ ಪ್ರಯೋಗದಲ್ಲಿ 25,871 ಜನ. ಒಟ್ಟಾರೆ ಹೃದಯದ ತೊಂದರೆ ಅಲ್ಲೂ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ.

ಮೊದಲು ಕೆಲಸ ಮಾಡಿದ್ದು ಆಮೇಲೆ ಯಾಕೆ ಮಾಡಲಿಲ್ಲ? ಒಂದು ಮುಖ್ಯ ಕಾರಣ ಕಾಲ. ಮೊದಲಿನ ಪ್ರಯೋಗಗಳು ನಡೆದಾಗ ಸ್ಟ್ಯಾಟಿನ್ ಮಾತ್ರೆ ತಗೋತಿದ್ದ ರೋಗಿಗಳೇ ಕಡಿಮೆ. ಈಗ ಸ್ಟ್ಯಾಟಿನ್, ಬಿಪಿ ಮಾತ್ರೆ, ಸ್ಟೆಂಟ್ ಎಲ್ಲಾ ಸೇರಿ ದೊಡ್ಡ ಕೆಲಸ ಮಾಡಿ ಮುಗಿಸಿರ್ತವೆ. ಮೀನೆಣ್ಣೆಗೆ ಉಳಿಯೋದು ಚಿಲ್ಲರೆ.

2018ರಲ್ಲೇ ಇನ್ನೊಂದು ತಿರುವು. ರೆಡ್ಯೂಸ್-ಇಟ್ ಪ್ರಯೋಗದಲ್ಲಿ ಟ್ರೈಗ್ಲಿಸರೈಡ್ ಜಾಸ್ತಿ ಇದ್ದ 8,179 ಜನರಲ್ಲಿ ಅರ್ಧದಷ್ಟು ಜನಕ್ಕೆ, ಸ್ಟ್ಯಾಟಿನ್ ಜೊತೆಗೇ, ದಿನಕ್ಕೆ 4 ಗ್ರಾಂ ಶುದ್ಧೀಕರಿಸಿದ ಇಪಿಎ ಕೊಟ್ಟರು. ತೊಂದರೆ 22.0%ನಿಂದ 17.2%ಗೆ ಇಳಿಯಿತು. ಆದರೆ ಹೋಲಿಕೆಗೆ ಕೊಟ್ಟಿದ್ದು ಖನಿಜ ತೈಲ. ಅದನ್ನ ತಗೊಂಡವರ ಎಲ್‌ಡಿಎಲ್ ಏರಿದ್ದರಿಂದ ಮೀನೆಣ್ಣೆ ಇನ್ನಷ್ಟು ಚೆನ್ನಾಗಿ ಕಂಡಿತಾ ಅಂತ ತಕರಾರು ಇವತ್ತಿಗೂ ಇದೆ. 2020ರಲ್ಲಿ ಸ್ಟ್ರೆಂತ್ ಪ್ರಯೋಗ ಹೋಲಿಕೆಗೆ ಮೆಕ್ಕೆಜೋಳದ ಎಣ್ಣೆ ಬಳಸಿತು, 4 ಗ್ರಾಂ ಇಪಿಎ, ಡಿಎಚ್‌ಎ ಮಿಶ್ರಣ ಕೊಟ್ಟಿತು. ಲಾಭ ಕಾಣದೆ ಪ್ರಯೋಗವನ್ನೇ ಮಧ್ಯದಲ್ಲಿ ನಿಲ್ಲಿಸಿದರು. ಎರಡರಲ್ಲೂ ಎದೆಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಮಾತ್ರ ಕ್ಯಾಪ್ಸೂಲ್ ತಗೊಂಡವರಲ್ಲಿ ಜಾಸ್ತಿ ಇತ್ತು.

ಇಷ್ಟೆಲ್ಲ ಓದಿ ಅಪ್ಪನ ಡಬ್ಬಿ ತಿರುಗಿಸಿ ನೋಡಿದೆ. ಮುಂದೆ ದೊಡ್ಡದಾಗಿ 1000 ಮಿ.ಗ್ರಾಂ. ಹಿಂದೆ ಸಣ್ಣಕ್ಷರದಲ್ಲಿ ಇಪಿಎ 180, ಡಿಎಚ್‌ಎ 120. ಒಟ್ಟು 300 ಅಷ್ಟೇ. ಅಸೆಂಡ್‌ನಲ್ಲಿ ಕೊಟ್ಟ ಡೋಸಿಗೂ ಸಮ ಇಲ್ಲ. ಅದಕ್ಕಿಂತ ಮುಖ್ಯ ಮಾತು, ಮೀನೆಣ್ಣೆ ಟ್ರೈಗ್ಲಿಸರೈಡ್ ಇಳಿಸುತ್ತೆ, ಎಲ್‌ಡಿಎಲ್ ಇಳಿಸಲ್ಲ. ಅಪ್ಪನಿಗೆ ಬೇಕಿದ್ದಿದ್ದು ಎಲ್‌ಡಿಎಲ್ ಇಳಿಸೋ ಮಾತ್ರೆ. ಅವರು ಬಿಟ್ಟಿದ್ದೂ ಅದನ್ನೇ.

ಹಾಗಂತ ಮೀನು ತಿನ್ನಬೇಡಿ ಅಂತಲ್ಲ. ವಾರಕ್ಕೆರಡು ಸಲ ಬಂಗುಡೆ, ಭೂತಾಯಿ ತಿನ್ನೋರು ಧಾರಾಳವಾಗಿ ತಿನ್ನಿ, ಆದಷ್ಟು ಫ್ರೈ ಬದಲು ಸಾರು. ಸಸ್ಯಾಹಾರಿಗಳಿಗೆ ಅಗಸೆ ಬೀಜ, ಅಕ್ರೋಟು ಇದೆ. ಅದರಲ್ಲಿರೋ ಒಮೆಗಾ-3 ನಮ್ಮ ಮೈಯಲ್ಲಿ ಇಪಿಎ ಆಗೋದು ಸ್ವಲ್ಪವೇ, ಆದ್ರೂ ಆಹಾರವಾಗಿ ಒಳ್ಳೇದು. ಕ್ಯಾಪ್ಸೂಲ್ ಬೇಕು ಅನ್ನಿಸಿದರೆ ಡಾಕ್ಟರಿಗೆ ಹೇಳಿ. ಮಾತ್ರೆ ನಿಲ್ಲಿಸೋ ಮುಂಚೆ ಅಂತೂ ಹೇಳಲೇಬೇಕು.

ಅಪ್ಪ ಮಾತ್ರೆ ಮತ್ತೆ ಶುರು ಮಾಡಿದ್ದಾರೆ. ಹೋದ ತಿಂಗಳ ರಿಪೋರ್ಟಲ್ಲಿ ಎಲ್‌ಡಿಎಲ್ 72. ತಪ್ಪು ಅವರದ್ದಲ್ಲ ಅಂತ ನನಗೆ ಗೊತ್ತು. ಡಬ್ಬಿ ಕೊಟ್ಟವನು ನಾನು, "ಮಾತ್ರೆ ಬಿಡಬೇಡಿ ಅಪ್ಪ" ಅಂತ ಒಂದು ಮಾತು ಹೇಳದೆ ಇದ್ದವನೂ ನಾನೇ. ನಿಮ್ಮ ಅಪ್ಪ ಅಮ್ಮನಿಗೂ ನೀವು ಇಂಥದ್ದೊಂದು ಡಬ್ಬಿ ತಂದುಕೊಟ್ಟಿದ್ದರೆ, ಈ ಎಪಿಸೋಡ್ ಮುಗಿದ ತಕ್ಷಣ ಒಂದು ಫೋನ್ ಮಾಡಿ. ಉಳಿದ ಮಾತ್ರೆ ತಗೋತಿದ್ದೀರಾ ಅಂತ ಕೇಳಿ, ಸಾಕು.