ಮಂಗಳೂರಿನ ಜರ್ಮನ್ ಪಾದ್ರಿಗಳು ಬಿಟ್ಟುಹೋದ ಆಸ್ತಿ

ತಾನು ಅಳಿದ ಮೇಲೂ ತನ್ನದೇನಾದರೂ ಉಳಿಯಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದುದು. ನಮ್ಮ ಹಿರಿಯರು ಇದಕ್ಕಾಗಿ ಕೆರೆಗಳನ್ನು ಕಟ್ಟಿಸಿದರು, ಗುಡಿಗಳನ್ನೆತ್ತಿಸಿದರು, ಸಾಲುಮರಗಳನ್ನು ನೆಡಿಸಿದರು. ತಾವು ಕೊಟ್ಟ ದಾನವು ಚಂದ್ರಸೂರ್ಯರಿರುವವರೆಗೂ ನಡೆಯಲೆಂದು ಕಲ್ಲಿನಲ್ಲಿ ಕೊರೆಸಿದರು. ಆದರೆ ಚರಿತ್ರೆಯ ಒಂದು ವಿಚಿತ್ರವೇನೆಂದರೆ, ಬಿಟ್ಟುಹೋಗಬೇಕೆಂದು ಬಯಸಿದ್ದು ಎಷ್ಟೋ ಸಾರಿ ಉಳಿಯುವುದಿಲ್ಲ. ಸಾಧನವೆಂದು ಕೈಗೆತ್ತಿಕೊಂಡದ್ದೇ ಆಸ್ತಿಯಾಗಿ ನಿಲ್ಲುತ್ತದೆ. ಈ ಮಾತಿಗೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಒಳ್ಳೆಯ ನಿದರ್ಶನವುಂಟು. ಕ್ರಿಸ್ತನ ಸುವಾರ್ತೆಯನ್ನು ಸಾರುವುದಕ್ಕೆಂದು ಕಡಲು ದಾಟಿ ಬಂದ ಜರ್ಮನ್ ಪಾದ್ರಿಗಳಿಬ್ಬರ ಬಾಳನ್ನು ಇಂದು ಶ್ರೋತೃಗಳ ಮುಂದಿಡಬೇಕೆಂದಿದ್ದೇನೆ. ಒಬ್ಬರು ಹರ್ಮನ್ ಮೋಗ್ಲಿಂಗ್, ಇನ್ನೊಬ್ಬರು ಫರ್ಡಿನೆಂಡ್ ಕಿಟ್ಟೆಲ್.

ಇವರಿಬ್ಬರನ್ನೂ ಕಳುಹಿಸಿದುದು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಒಂದು ಮಿಷನ್ ಸಂಸ್ಥೆ. ಅದರ ಕಾರ್ಯಕರ್ತರಲ್ಲಿ ಬಹುಮಂದಿ ನೆರೆಯ ವುರ್ಟೆಂಬರ್ಗ್ ಸೀಮೆಯವರು. ಆ ಸೀಮೆಯ ಕ್ರೈಸ್ತರ ಭಕ್ತಿಯಲ್ಲಿ ಆಡಂಬರ ಕಡಿಮೆ, ಕಟ್ಟುನಿಟ್ಟು ಹೆಚ್ಚು. ದಿನದ ಗಳಿಗೆಗಳಿಗೂ ಕೈಯ ಕೆಲಸಕ್ಕೂ ದೇವರಿಗೆ ಲೆಕ್ಕ ಒಪ್ಪಿಸಬೇಕಾದೀತೆಂಬ ಭಾವನೆ ಅವರಲ್ಲಿ ಬಲವಾಗಿತ್ತು. ಈಸ್ಟ್ ಇಂಡಿಯಾ ಕಂಪೆನಿಯ ಸನ್ನದನ್ನು 1833ರಲ್ಲಿ ನವೀಕರಿಸಿದಾಗ ಇಂಗ್ಲಿಷರಲ್ಲದ ಪಾದ್ರಿಗಳಿಗೂ ಈ ದೇಶದ ಬಾಗಿಲು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರ್ ತಿಂಗಳಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅವರ ಹಿಂದೆ 1836ರಲ್ಲಿ ಬಂದವರು ಮೋಗ್ಲಿಂಗರು. 1811ರಲ್ಲಿ ಹುಟ್ಟಿದ ಇವರು ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ದೈವಶಾಸ್ತ್ರವನ್ನು ಓದಿದ್ದವರು.

ಕನ್ನಡ ನುಡಿಗೂ ಕ್ರೈಸ್ತ ಪಾದ್ರಿಗಳಿಗೂ ಅಂದಿಗಾಗಲೇ ನಂಟು ಬೆಳೆದಿತ್ತು. ಶ್ರೀರಾಮಪುರದ ವಿಲಿಯಂ ಕೇರಿ 1817ರಲ್ಲಿ ಕನ್ನಡಕ್ಕೆ ಒಂದು ವ್ಯಾಕರಣವನ್ನು ಅಚ್ಚುಹಾಕಿಸಿದ್ದರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ವರ್ಷಗಳನ್ನೇ ಕಳೆದಿದ್ದರು. ವಿಲಿಯಂ ರೀವ್ ನಿಘಂಟುಗಳನ್ನು ಸಿದ್ಧಪಡಿಸಿದ್ದರು. ಇವರೆಲ್ಲರೂ ಹೀಗೆ ಭಾಷೆಗೆ ಕೈಹಾಕಿದುದಕ್ಕೆ ಕಾರಣ ಅವರ ಮತದೊಳಗೇ ಇದೆ. ಪ್ರಾಟೆಸ್ಟೆಂಟ್ ಕ್ರೈಸ್ತರ ನಂಬಿಕೆಯಂತೆ ದೇವರ ವಾಕ್ಯವನ್ನು ಪ್ರತಿಯೊಬ್ಬನೂ ತನ್ನ ಮನೆಮಾತಿನಲ್ಲಿಯೇ ಓದಿ ತಿಳಿಯಬೇಕು. ನಡುವೆ ಅರ್ಥ ಹೇಳುವ ಪುರೋಹಿತನಿರಬಾರದು. ಮಾರ್ಟಿನ್ ಲೂಥರನು 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದುದರಿಂದ ಆ ಭಾಷೆಯ ಗದ್ಯಕ್ಕೇ ಒಂದು ಹೊಸ ಕಳೆ ಬಂದಿತೆಂಬುದನ್ನು ಅಲ್ಲಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ. ಆದುದರಿಂದ ಜನರ ಆಡುನುಡಿಯನ್ನು ಗೌರವಿಸುವುದು ಈ ಜರ್ಮನರಿಗೆ ಭಕ್ತಿಯ ಒಂದು ಅಂಗವೇ ಆಗಿದ್ದಿತು.

ಮೋಗ್ಲಿಂಗರು ಈ ದಾರಿಯಲ್ಲಿ ತಮ್ಮ ಹಿಂದಿನವರಿಗಿಂತ ಮುಂದೆ ಹೋದರು. 1843ನೆಯ ಜುಲೈ 1ರಂದು ಅವರು "ಮಂಗಳೂರ ಸಮಾಚಾರ"ವನ್ನು ಹೊರಡಿಸಿದರು. ಕನ್ನಡದಲ್ಲಿ ಮೊಟ್ಟಮೊದಲ ವರ್ತಮಾನಪತ್ರಿಕೆಯೆಂದು ಎಣಿಸಲ್ಪಟ್ಟಿರುವುದು ಇದೇ. ಪಕ್ಷಕ್ಕೊಮ್ಮೆ ಬರುತ್ತಿದ್ದ ಈ ಪತ್ರಿಕೆ ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು. ಜಿಡ್ಡಿನ ಮಸಿಯಿಂದ ಬರೆದುದನ್ನು ನುಣುಪಾದ ಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ನೀರಿನಿಂದ ಒದ್ದೆಮಾಡಿ ಮಸಿಯುರುಳೆಯನ್ನು ಓಡಿಸಿದರೆ, ಬರೆದ ಗೆರೆಗಳು ಮಾತ್ರ ಮಸಿಯನ್ನು ಹೀರಿಕೊಳ್ಳುತ್ತವೆ; ಉಳಿದ ಭಾಗ ಅದನ್ನು ತಳ್ಳಿಬಿಡುತ್ತದೆ. ಅಚ್ಚಿನ ಮೊಳೆಗಳ ಹಂಗಿಲ್ಲದೆ ಕೈಬರಹವೇ ನೂರಾರು ಪ್ರತಿಗಳಾಗುವ ಈ ಉಪಾಯವು, ಒತ್ತಕ್ಷರಗಳ ತೊಡಕುಳ್ಳ ನಮ್ಮ ಲಿಪಿಗೆ ಬಹಳ ಅನುಕೂಲವಾಗಿದ್ದಿತು. ಪತ್ರಿಕೆಯಲ್ಲಿ ಊರಿನ ಸುದ್ದಿ, ದೇಶಾಂತರಗಳ ಸುದ್ದಿ, ಸರ್ಕಾರದ ಕಾನೂನು, ನೀತಿಮಾತು, ಕಥೆ ಎಲ್ಲವೂ ಇರುತ್ತಿದ್ದುವು. 1844ರಲ್ಲಿ ಅದು ಬಳ್ಳಾರಿಗೆ ಹೋಗಿ ಹೆಸರು ಬದಲಾಯಿಸಿಕೊಂಡು, ಹೆಚ್ಚು ಕಾಲ ಬಾಳದೆ ನಿಂತುಹೋಯಿತು. ಆದರೂ ಕರ್ನಾಟಕದಲ್ಲಿ ಪತ್ರಿಕಾ ದಿನವನ್ನು ಆಚರಿಸುವುದು ಜುಲೈ 1ರಂದೇ.

ಇದಕ್ಕಿಂತ ದೊಡ್ಡದು ಅವರ ಇನ್ನೊಂದು ಕೆಲಸ. ನೀಲಗಿರಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರೊಬ್ಬರು ಕನ್ನಡದ ಹಳೆಯ ಕಾವ್ಯಗಳು ಅಚ್ಚಾಗಬೇಕೆಂದು ಧನಸಹಾಯಕ್ಕೆ ಮುಂದೆ ಬಂದರು. 1848ರಿಂದ ಮೋಗ್ಲಿಂಗರು "ಬಿಬ್ಲಿಯೋಥೆಕಾ ಕರ್ನಾಟಿಕಾ" ಎಂಬ ಗ್ರಂಥಮಾಲೆಯನ್ನು ಪ್ರಕಟಿಸತೊಡಗಿದರು. ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ಹರಿದಾಸರ ಪದಗಳು - ಇವು ಆ ಮಾಲೆಯಲ್ಲಿ ಬಂದುವು. ಅದುವರೆಗೆ ತಾಳೆಯೋಲೆಗಳಲ್ಲಿ, ಕಡತಗಳಲ್ಲಿ, ಭಕ್ತರ ನಾಲಗೆಗಳಲ್ಲಿ ಹರಡಿಕೊಂಡಿದ್ದ ವಸ್ತುವನ್ನು ಕೂಡಿಸಿ, ಪ್ರತಿಗಳನ್ನು ಹೋಲಿಸಿ, ಕಲ್ಲಿನ ಮೇಲೆ ಬರೆಸಿ ಅಚ್ಚುಹಾಕಿಸುವುದೆಂದರೆ ಎಷ್ಟು ತಾಳ್ಮೆಯ ಕೆಲಸವೆಂಬುದು ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ವಿದಿತವೇ ಸರಿ. ವಿಟ್ಠಲನನ್ನು ಪಾಡುವ ಪದಗಳನ್ನು, ಶಿವಶರಣರ ಕಥೆಗಳನ್ನು ಹೀಗೆ ಎಚ್ಚರದಿಂದ ಕಾಪಾಡಿಕೊಟ್ಟವರು ಆ ದೈವಗಳನ್ನು ಒಪ್ಪದಿದ್ದ ಒಬ್ಬ ಪಾದ್ರಿ. ಜನರ ಮನಸ್ಸನ್ನು ಮುಟ್ಟಬೇಕಾದರೆ ಆ ಮನಸ್ಸನ್ನು ಬೆಳೆಸಿದ ಗ್ರಂಥಗಳನ್ನು ಮೊದಲು ಅರಿಯಬೇಕೆಂಬುದು ಅವರ ಲೆಕ್ಕವಾಗಿದ್ದಿರಬಹುದು. ಆದರೆ ಲೆಕ್ಕವೊಂದೇ ಆಗಿದ್ದರೆ ದಾಸರ ಹಾಡುಗಳನ್ನು ಜರ್ಮನ್ ಭಾಷೆಗೆ ಮಾರ್ಪಡಿಸಿ ತಮ್ಮ ದೇಶದ ವಿದ್ವಾಂಸರಿಗೆ ತೋರಿಸುವ ಶ್ರಮವನ್ನು ಅವರು ವಹಿಸಬೇಕಾಗಿರಲಿಲ್ಲ. ಓದುತ್ತ ಓದುತ್ತ ಅವರಿಗೆ ಅವುಗಳ ರುಚಿ ಹತ್ತಿತೆಂದೇ ಹೇಳಬೇಕು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು 1858ರಲ್ಲಿ ಇವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು.

ಈ ಚಿತ್ರದ ಇನ್ನೊಂದು ಮುಖವನ್ನು ಮರೆಮಾಚುವುದು ಚರಿತ್ರಕಾರನ ಧರ್ಮವಲ್ಲ. 1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣರಾದ ಆನಂದರಾವ್ ಕೌಂಡಿನ್ಯರು ಮೋಗ್ಲಿಂಗರ ಪ್ರಭಾವದಿಂದ ಕ್ರೈಸ್ತಮತವನ್ನು ಸೇರಿದಾಗ ಊರೇ ಕಲಕಿಹೋಯಿತು. ಆ ತರುಣರು ಗುರುವಿನ ಹೆಸರನ್ನೂ ತಮ್ಮ ಹೆಸರಿಗೆ ಕೂಡಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಬಾಸೆಲ್ಲಿನಲ್ಲಿ ಓದಿ ದೀಕ್ಷೆ ಪಡೆದು ಮರಳಿ ಬಂದು ಇಲ್ಲಿಯೇ ಸೇವೆಮಾಡಿದರು. ಅವರ ಪಾಲಿಗೆ ಅದು ಸತ್ಯದ ದಾರಿ; ಅವರ ಮನೆಯವರ ಪಾಲಿಗೆ ಮಗನಿದ್ದೂ ಇಲ್ಲದಂತಾದ ದುಃಖ. ಎರಡೂ ನಿಜ. ನಂಬಿಕೆಯೆಂಬುದು ಬರಿಯ ಸದ್ಗುಣಗಳ ಗಂಟಲ್ಲ. ಅದು ಕಟ್ಟುವಂತೆಯೇ ಕಡಿಯಲೂ ಬಲ್ಲುದು. ಪಾದ್ರಿಗಳ ಉಪಕಾರವನ್ನು ನೆನೆಯುವಾಗ ಈ ಬೆಲೆಯನ್ನೂ ನೆನೆಯಬೇಕು.

ಮೋಗ್ಲಿಂಗರು 1860ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು, 1881ರಲ್ಲಿ ತೀರಿಕೊಂಡರು. ಅವರು ತೊಡಗಿದ ಕೆಲಸವನ್ನು ಬಹುದೂರ ಕೊಂಡೊಯ್ದವರು ಕಿಟ್ಟೆಲ್. ಜರ್ಮನಿಯ ಉತ್ತರದ ಕಡಲತೀರದಲ್ಲಿ, ಈಸ್ಟ್ ಫ್ರೀಸ್‌ಲೆಂಡ್ ಸೀಮೆಯಲ್ಲಿ, 1832ರಲ್ಲಿ ಹುಟ್ಟಿದ ಇವರು 1853ರಲ್ಲಿ ಕನ್ನಡನಾಡಿಗೆ ಬಂದರು. ಆಗ ಇವರಿಗೆ ಪ್ರಾಯ 21. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಮಡಿಕೇರಿಗಳಲ್ಲಿ ಇವರ ಕಾಲ ಕಳೆಯಿತು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿಗೆ ಅಳವಡಿಸಿ "ಕಥಾಮಾಲೆ"ಯೆಂಬ ಕಾವ್ಯವನ್ನು ಬರೆದರು. ಸುವಾರ್ತೆಯು ಪರದೇಶದ ಉಡುಪಿನಲ್ಲಿ ಬಂದರೆ ಜನರು ಅದನ್ನು ಒಳಗೆ ಕರೆಯುವುದಿಲ್ಲವೆಂಬುದು ಇವರಿಗೆ ತಿಳಿದಿತ್ತು. ಆಮೇಲೆ ಛಂದಸ್ಸಿನ ಮೂಲವನ್ನೇ ಅರಸಿಕೊಂಡು ನಾಗವರ್ಮನಲ್ಲಿಗೆ ಹೋದರು; ವ್ಯಾಕರಣದ ಮೂಲವನ್ನರಸಿ ಕೇಶಿರಾಜನಲ್ಲಿಗೆ ಹೋದರು. 1872ರಲ್ಲಿ ಇವರ "ಶಬ್ದಮಣಿದರ್ಪಣ"ದ ಮುದ್ರಣ ಬಂದಿತು. 1875ರಲ್ಲಿ "ಛಂದೋಂಬುಧಿ" ಬಂದಿತು. ಎರಡನೆಯದರ ಜೊತೆಯಲ್ಲಿ ಕನ್ನಡ ಸಾಹಿತ್ಯದ ಮೇಲೆ ಒಂದು ಪ್ರಬಂಧವನ್ನೂ ಸೇರಿಸಿದರು. ಪಾದ್ರಿಯಾದವನು ಬೋಧನೆಯನ್ನು ಬಿಟ್ಟು ಪಂಡಿತನಾಗುತ್ತಿದ್ದಾನಲ್ಲಾ ಎಂಬ ಅಸಮಾಧಾನ ಮಿಷನ್ನಿನೊಳಗೇ ಕೆಲವರಿಗೆ ಇದ್ದಿತು. ಆದರೂ ಕನ್ನಡ-ಇಂಗ್ಲಿಷ್ ನಿಘಂಟಿನ ಹೊಣೆ ಇವರ ಮೇಲೆ ಬಿದ್ದು, ಸುಮಾರು ಎರಡು ದಶಕಗಳ ದುಡಿಮೆಯನ್ನು ಅದು ನುಂಗಿತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1894ರಲ್ಲಿ ಅದು ಹೊರಬಿದ್ದಿತು. ಪುಟಗಳು 1,700ಕ್ಕೂ ಮಿಕ್ಕಿ. ಶಬ್ದಗಳು ಸುಮಾರು 70,000.

ಈ ನಿಘಂಟಿನ ಹಿರಿಮೆಯು ಗಾತ್ರದಲ್ಲಿ ಮಾತ್ರವಿಲ್ಲ. ಪ್ರತಿಯೊಂದು ಮಾತಿಗೂ ಕಿಟ್ಟೆಲ್ ಸಾಕ್ಷ್ಯವನ್ನು ಕೇಳಿದರು. ಈ ಶಬ್ದವನ್ನು ಯಾವ ಕವಿ ಬಳಸಿದ್ದಾನೆ, ಯಾವ ಗಾದೆಯಲ್ಲಿ ಇದು ಬಂದಿದೆ, ಅಚ್ಚಗನ್ನಡವೋ ತತ್ಸಮವೋ ತದ್ಭವವೋ ಎಂದು ವಿಂಗಡಿಸಿದರು. "ಬಿಜ್ಜೆ"ಯ ಹಿಂದೆ ಸಂಸ್ಕೃತದ "ವಿದ್ಯಾ" ಇರುವುದನ್ನು ಹೇಗೋ, ಹಾಗೆಯೇ ನಮ್ಮ "ನೆಲ"ಕ್ಕೆ ತಮಿಳಿನ "ನಿಲಂ", ತೆಲುಗಿನ "ನೇಲ" ಒಡಹುಟ್ಟಿದುವೆಂಬಂಥ ನೆಂಟಸ್ತನಗಳನ್ನೂ ಗುರುತಿಸುತ್ತ ಹೋದರು. ಸಂಸ್ಕೃತವೇ ದ್ರಾವಿಡ ಭಾಷೆಗಳಿಂದ ಕಡ ತಂದಿರಬಹುದಾದ ಶಬ್ದಗಳ ಪಟ್ಟಿಯೊಂದನ್ನು ಮುನ್ನುಡಿಯಲ್ಲಿ ಕೊಟ್ಟರು. ಪಂಡಿತರ ಮನೆಯ ಮಾತನ್ನೂ ಸಂತೆಯ ಮಾತನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದರು. ಈ ದುಡಿಮೆಯಲ್ಲಿ ಅವರಿಗೆ ನೆರವಾದ ನಮ್ಮವರನ್ನೂ ಇಲ್ಲಿ ನೆನೆಯಬೇಕು. ಓಲೆಗಳನ್ನು ಓದಿ ಅರ್ಥ ಹೇಳಿದ ಪಂಡಿತರು, ಗಾದೆಗಳನ್ನು ನೆನಪಿನಿಂದ ತೆಗೆದುಕೊಟ್ಟವರು, ಕರಡುಗಳನ್ನು ತಿದ್ದಿದವರು ಇಲ್ಲದಿದ್ದರೆ ಪರದೇಶಿಯೊಬ್ಬನಿಗೆ ಇದು ಸಾಧ್ಯವಾಗುತ್ತಿರಲಿಲ್ಲ.

ಆ ಕಾಲದ ಭೂಪಟವನ್ನು ಶ್ರೋತೃಗಳು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಮಂಗಳೂರು ಮದರಾಸಿಗೆ ಸೇರಿತ್ತು, ಧಾರವಾಡ ಬೊಂಬಾಯಿಗೆ, ಕಲಬುರಗಿ ನಿಜಾಮರ ಕೈಯಲ್ಲಿದ್ದಿತು, ಮೈಸೂರು ಅರಸರ ಸಂಸ್ಥಾನ, ಕೊಡಗು ಬೇರೆ. ಕನ್ನಡಿಗರಿಗೆ ತಾವೆಲ್ಲ ಒಂದೆಂಬ ಅರಿವೇ ಮಸುಕಾಗಿದ್ದಿತು. ಕಿಟ್ಟೆಲ್ಲರ ನಿಘಂಟಿನಲ್ಲಿ ಇದು ಮೈಸೂರಿನ ಬಳಕೆ, ಇದು ಮಂಗಳೂರಿನದು, ಇದು ಧಾರವಾಡದ ಕಡೆಯದು ಎಂಬ ಸಂಕೇತಗಳನ್ನು ಕಾಣುತ್ತೇವೆ. ಮನೆಗಳು ಬೇರೆಬೇರೆಯಾಗಿದ್ದ ಜನರ ಮಾತುಗಳೆಲ್ಲ ಒಂದೇ ಹೊದಿಕೆಯೊಳಗೆ ಬಂದು ಸೇರಿದುವು. ಕನ್ನಡನಾಡು ಆಡಳಿತದಲ್ಲಿ ಒಂದಾದುದು 1956ರಲ್ಲಿ. ಅದಕ್ಕೆ 62 ವರ್ಷ ಮೊದಲೇ ಈ ಪುಸ್ತಕದಲ್ಲಿ ಅದು ಒಂದಾಗಿದ್ದಿತು.

ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಇವರಿಗೂ 1896ರಲ್ಲಿ ಡಾಕ್ಟರ್ ಪದವಿಯನ್ನು ಕೊಟ್ಟಿತು. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳು ಮೂರನ್ನೂ ಒಳಕೊಂಡ ಇವರ ವ್ಯಾಕರಣವು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇವರು ಟ್ಯೂಬಿಂಗೆನ್ನಿನಲ್ಲಿ ಕಣ್ಣುಮುಚ್ಚಿದರು. ಮುಂದೆ ಮದರಾಸು ವಿಶ್ವವಿದ್ಯಾನಿಲಯವು ಮರಿಯಪ್ಪ ಭಟ್ಟರಿಂದ ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ಮಹಾನಿಘಂಟು ಅನೇಕ ವಿದ್ವಾಂಸರ ದಶಕಗಳ ಶ್ರಮದಿಂದ ಎಂಟು ಸಂಪುಟಗಳಾಗಿ ಪೂರ್ಣವಾಯಿತು. ಅಂಥ ದೊಡ್ಡ ಕಟ್ಟಡಕ್ಕೂ ಕೆಳಗಿನ ಕಲ್ಲುಗಳಲ್ಲಿ ಕಿಟ್ಟೆಲ್ಲರದು ಒಂದು.

ಈಗ ಲೆಕ್ಕವನ್ನು ನೋಡೋಣ. ಈ ಪಾದ್ರಿಗಳು ಬಂದದ್ದು ನಾಡನ್ನು ಕ್ರಿಸ್ತನ ಕಡೆಗೆ ತಿರುಗಿಸಲೆಂದು. ಆ ಉದ್ದೇಶದಿಂದ ಅಳೆದರೆ ಫಲ ಸ್ವಲ್ಪ. ಅವರ ಸಭೆಗಳು ಬಾಳಿ ಬೆಳೆದುವು, ನಿಜ. ಆದರೆ ನಾಡಿನ ಬಹುಜನರು ತಂತಮ್ಮ ದೇವರುಗಳ ಬಳಿಯಲ್ಲಿಯೇ ಉಳಿದರು. 1914ರಲ್ಲಿ ಯುದ್ಧ ತೊಡಗಿದಾಗ ಜರ್ಮನ್ ಪಾದ್ರಿಗಳು ಶತ್ರುಗಳೆನಿಸಿ ಸೆರೆಯಾದರು. ಮಿಷನ್ನಿನ ಹೆಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಪರರ ವಶಕ್ಕೆ ಹೋದುವು. ಕಿತ್ತುಕೊಳ್ಳಲಾಗದೆ ಉಳಿದದ್ದು ಅಷ್ಟರೊಳಗೆ ಕನ್ನಡಿಗರೆಲ್ಲರ ಸೊತ್ತಾಗಿಬಿಟ್ಟಿದ್ದ ವಿದ್ಯೆ. ಇಂದು "ಕಥಾಮಾಲೆ"ಯನ್ನು ಓದಿದವರು ವಿರಳ. ನಿಘಂಟನ್ನು ತೆರೆಯದ ಕನ್ನಡ ವಿದ್ವಾಂಸರೂ ಅಷ್ಟೇ ವಿರಳ.

ಹಾಗಾದರೆ ಅವರ ನಂಬಿಕೆಗೂ ಈ ಆಸ್ತಿಗೂ ಸಂಬಂಧವೇ ಇಲ್ಲವೆನ್ನೋಣವೆ? ಹಾಗೆನ್ನುವುದು ಅನ್ಯಾಯ. ಸಂಬಳದ ಆಸೆಯಿಂದಾಗಲಿ ಕೀರ್ತಿಯ ಆಸೆಯಿಂದಾಗಲಿ 20 ವರ್ಷ ಪದಗಳನ್ನು ಆರಿಸುತ್ತ ಕೂರುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಯಾರೂ ನೋಡದಿದ್ದರೂ ಮೇಲಿನವನೊಬ್ಬನು ನೋಡುತ್ತಿದ್ದಾನೆಂಬ ಭಾವನೆ, ಒಂದು ಶಬ್ದದ ಅರ್ಥವನ್ನು ತಪ್ಪಾಗಿ ಬರೆದರೂ ಅದು ಪಾಪವೆಂಬ ಅಂಜಿಕೆ - ಇವು ಅವರ ಲೇಖನಿಯನ್ನು ಹಿಡಿದು ನಡೆಸಿದುವು. ನಂಬಿಕೆಯು ಅವರಿಗೆ ಕೊಟ್ಟುದು ತಾಳ್ಮೆ ಮತ್ತು ಪ್ರಾಮಾಣಿಕತೆ. ಆ ಗುಣಗಳು ಕೆಲಸದೊಳಕ್ಕೆ ಇಳಿದ ಮೇಲೆ ಕೆಲಸವು ಯಾವ ಮತದ ಸೊತ್ತಾಗಿಯೂ ಉಳಿಯಲಿಲ್ಲ. ಶರಣರ ಕಾಯಕದ ಮಾತನ್ನು ಕೇಳಿ ಬೆಳೆದ ನಾಡಿಗೆ ಇದು ಹೊಸ ಸಂಗತಿಯೇನೂ ಅಲ್ಲ.

ಶಾಶ್ವತವಾದ ಆಸ್ತಿಯನ್ನು ಬಿಡಬೇಕೆಂದಿರುವವರಿಗೆ ಈ ಚರಿತ್ರೆಯಲ್ಲಿ ಒಂದು ಸೂಚನೆಯಿದೆ. ನಮ್ಮ ನಂಬಿಕೆಯನ್ನು ಒಪ್ಪಿದವರಿಗೆ ಮಾತ್ರ ಸಲ್ಲಲೆಂದು ಕೊಟ್ಟುದು ಅವರೊಡನೆಯೇ ನಿಲ್ಲುತ್ತದೆ. ಒಪ್ಪದವರಿಗೂ ಸಲ್ಲುವಂತೆ ಕೊಟ್ಟುದು ದೂರ ನಡೆಯುತ್ತದೆ. ಮೋಗ್ಲಿಂಗರು ಅಚ್ಚುಹಾಕಿದ ದಾಸರ ಪದಗಳನ್ನು ವೈಷ್ಣವರು ಹಾಡಿದರು, ಬಸವಪುರಾಣವನ್ನು ವೀರಶೈವರು ಓದಿದರು. ಕಿಟ್ಟೆಲ್ಲರ ನಿಘಂಟಿನಲ್ಲಿ ಅರ್ಥ ಹುಡುಕುವವನನ್ನು ನಿನ್ನ ಮತ ಯಾವುದೆಂದು ಆ ಪುಸ್ತಕ ಕೇಳುವುದಿಲ್ಲ.