ಕೊರಗರ ಡೋಲು

ಕೊರಗರ ಡೋಲು ಕರ್ನಾಟಕದ ಉಡುಪಿ ಮತ್ತು ದಕ್ಷಿಣ ಕನ್ನಡ ಹಾಗೂ ಕೇರಳದ ಕಾಸರಗೋಡು ಜಿಲ್ಲೆಗಳಲ್ಲಿ ನೆಲೆಸಿರುವ ಕೊರಗ ಸಮುದಾಯದ ಚರ್ಮವಾದ್ಯ. ಬಿಳಲು ಮತ್ತು ಬಿದಿರಿನಿಂದ ಬುಟ್ಟಿ ಹೆಣೆಯುವುದು ಕೊರಗರ ಪಾರಂಪರಿಕ ಕಸುಬು. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವೆಂದು ಗುರುತಿಸಲಾದ ಎರಡು ಬುಡಕಟ್ಟುಗಳಲ್ಲಿ ಇದು ಒಂದು, ಇನ್ನೊಂದು ಜೇನುಕುರುಬ.

ರಚನೆ ಮತ್ತು ವಾದನ

ಟೊಳ್ಳು ಮರದ ಉದ್ದನೆಯ ಕಳಸೆಯ ಎರಡೂ ಬಾಯಿಗಳಿಗೆ ಚರ್ಮ ಬಿಗಿದು ಡೋಲನ್ನು ತಯಾರಿಸುತ್ತಾರೆ. ಅದನ್ನು ಕೊರಳಿಗೆ ಇಳಿಬಿಟ್ಟು ಕೋಲಿನಿಂದ ಬಾರಿಸುತ್ತಾರೆ. ಜೊತೆಗೆ ಕೊಳಲು ಇರುತ್ತದೆ. ವಾದಕರು ಬಾರಿಸುತ್ತಲೇ ಹೆಜ್ಜೆ ಹಾಕಿ ವೃತ್ತಾಕಾರವಾಗಿ ಕುಣಿಯುವುದೂ ಉಂಟು. ಈ ವಾದನವನ್ನು ಲಿಪಿಯಿಂದಲ್ಲ, ಹಿರಿಯರ ಜೊತೆಗೂಡಿ ಕೇಳಿ ಕಲಿಯುತ್ತಾರೆ.

ಆವರ್ತನೆಯ ಆಕರ್ಷಣೆ

ಡೋಲಿನ ವಾದನದಲ್ಲಿ ಒಂದೇ ಪೆಟ್ಟಿನ ಸರಣಿ ದೀರ್ಘಕಾಲ ಮರುಕಳಿಸುತ್ತದೆ. ಮುಂದೇನು ಬರುವುದೆಂಬುದು ತಿಳಿದಾಗ ಕೇಳುಗನ ಕಿವಿ ಹೊಸ ರಾಗವನ್ನು ಅರಸುವುದನ್ನು ಬಿಟ್ಟು, ಪೆಟ್ಟಿನ ಭಾರ, ವೇಗ ಮತ್ತು ನಡುವಣ ಮೌನದಲ್ಲಾಗುವ ಅಲ್ಪ ಬದಲಾವಣೆಗಳತ್ತ ತಿರುಗುತ್ತದೆ. ಕಾಲು ತಾನಾಗಿಯೇ ಲಯಕ್ಕೆ ಹೊಂದಿಕೊಳ್ಳುತ್ತದೆ. ಹೊತ್ತು ಸರಿದದ್ದು ಅರಿವಿಗೆ ಬರುವುದಿಲ್ಲ.

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಮಿನಿಮಲ್ ಟೆಕ್ನೊ ಸಂಗೀತದ ಸೆಳೆತವೂ ಇದೇ ತತ್ತ್ವವನ್ನು ಅವಲಂಬಿಸಿದೆ. ರಾಬರ್ಟ್ ಹುಡ್ ಅವರ 'ಮಿನಿಮಲ್ ನೇಷನ್' (1994) ಈ ಪ್ರಕಾರದ ಆರಂಭಿಕ ಕೃತಿಗಳಲ್ಲಿ ಪ್ರಮುಖವಾದುದು. ಅಲ್ಲಿ ಬಡಿತಗಳನ್ನು ಯಂತ್ರವು ದಣಿಯದೆ ನೀಡುತ್ತದೆ. ಡೋಲಿನಲ್ಲಿ ಆ ಕೆಲಸವನ್ನು ಮಾಡುವುದು ಮನುಷ್ಯನ ತೋಳು. ಆದುದರಿಂದ ಅದರ ಆವರ್ತನೆಗೆ ದೇಹಶ್ರಮದ ಬೆಲೆಯಿದೆ.

ಪನಿ ಕುಲ್ಲುನಿ ಮತ್ತು ಅಜಲು

ಹಿಂದೆ ಕಂಬಳದ ಮುನ್ನಾ ರಾತ್ರಿ ಕೊರಗರು ಗದ್ದೆಯ ಬಳಿ ಇಬ್ಬನಿಯಲ್ಲಿ ಕುಳಿತು ಬೆಳಗಾಗುವವರೆಗೆ ಡೋಲು ಬಾರಿಸಿ ಹಾಡಬೇಕಾಗಿತ್ತು. ತುಳುವಿನಲ್ಲಿ ಇದಕ್ಕೆ 'ಪನಿ ಕುಲ್ಲುನಿ' ಎಂದು ಹೆಸರು. ಕೇಳುವವರಿಗೆ ಇದು ಉತ್ಸವದ ನಾದವಾಗಿದ್ದರೂ, ಬಾರಿಸುವವರಿಗೆ ನಿರಾಕರಿಸಲಾಗದ ಜಾತಿಬದ್ಧ ಬಿಟ್ಟಿ ಸೇವೆಯಾಗಿತ್ತು. ಕೊರಗರನ್ನು ಕಂಬಳಕ್ಕೆ ಮುನ್ನ ಕೋಣಗಳಂತೆ ಓಡಿಸುವುದು, ಕೂದಲು ಮತ್ತು ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣ್ಣಿಸುವುದು ಮುಂತಾದ ಅಮಾನವೀಯ ಆಚರಣೆಗಳೂ 'ಅಜಲು' ಎಂಬ ಪದ್ಧತಿಯಲ್ಲಿ ಸೇರಿದ್ದವು. ಕರ್ನಾಟಕ ಸರ್ಕಾರವು 2000ದ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆಯ ಮೂಲಕ ಇದನ್ನು ಶಿಕ್ಷಾರ್ಹ ಅಪರಾಧವನ್ನಾಗಿಸಿತು.

ಇಂದಿನ ಸ್ಥಿತಿ

ಈ ಹಿನ್ನೆಲೆಯಿಂದಾಗಿ ಸಮುದಾಯದೊಳಗೆ ಡೋಲಿನ ಕುರಿತು ಎರಡು ನಿಲುವುಗಳಿವೆ. ಅದು ಅವಮಾನದ ಗುರುತು, ಪರರ ಉತ್ಸವಗಳಲ್ಲಿ ಬಾರಿಸಬಾರದು ಎಂಬುದು ಒಂದು. ಅದು ಕೊರಗರದೇ ಕಲೆ, ತಮ್ಮ ಇಚ್ಛೆಯಂತೆ ಉಳಿಸಿಕೊಳ್ಳಬೇಕು ಎಂಬುದು ಇನ್ನೊಂದು. ಇಂದು ಕೊರಗ ಕಲಾತಂಡಗಳು ಸಾಂಸ್ಕೃತಿಕ ವೇದಿಕೆಗಳಲ್ಲಿ ಡೋಲು ಮತ್ತು ಕೊಳಲು ವಾದನವನ್ನು ಪ್ರದರ್ಶಿಸುತ್ತವೆ. ಪೆಟ್ಟಿನ ಸರಣಿ ಹಳೆಯದೇ ಆದರೂ, ಎಲ್ಲಿ ಬಾರಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬ ನಿರ್ಧಾರ ಈ ವೇದಿಕೆಗಳಲ್ಲಿ ವಾದಕರದೇ ಆಗಿರುತ್ತದೆ.